ನಂದಿ ಏರಿನಲ್ಲಿ ಇಂಜಿನ್ ಕೂಗುತ್ತೆ, ಸ್ಕೂಟರ್ ಎಳೆಯಲ್ಲ: ಕ್ಲಚ್ಚಾ, ಬೆಲ್ಟಾ?

ನಂದಿ ತಪ್ಪಲು
ಎಲ್ಲರಿಗೂ ನಮಸ್ಕಾರ. ನನ್ನದು 110 ಸಿಸಿ ಗೇರ್‌ಲೆಸ್ ಸ್ಕೂಟರ್. ಮೀಟರ್ ನಲವತ್ತು ಸಾವಿರ ದಾಟಿದೆ. ಬೆಳಿಗ್ಗೆ ಹೊತ್ತು ಸೀಬೆಹಣ್ಣು, ಸೌತೆಕಾಯಿ ಕ್ರೇಟ್ ಹಾಕಿಕೊಂಡು ಬೆಟ್ಟದ ಮೇಲೆ ಅಂಗಡಿ ಇಟ್ಟಿರುವ ಚಿಕ್ಕಪ್ಪನಿಗೆ ಕೊಟ್ಟು ಬರುತ್ತೇನೆ. ಮನೆಯಿಂದ ಹೊರಟಾಗ ಗಾಡಿ ಚೆನ್ನಾಗೇ ಇರುತ್ತೆ. ಅರ್ಧ ಬೆಟ್ಟ ಹತ್ತಿದ ಮೇಲೆ ಶುರು. ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದಕ್ಕೆ ಎಳೆಯಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ ಮತ್ತೆ ಹತ್ತುತ್ತೆ.

ದಸರಾಕ್ಕೆ ಮುಂಚೆ ಟೌನಿನ ಒಂದು ಗ್ಯಾರೇಜಿನಲ್ಲಿ ಬೆಲ್ಟ್, ರೋಲರ್ ಬದಲಿಸಿದರು. ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸಿತು. ಆಮೇಲೆ ಈ ಕಾಟ. ವಾಪಸ್ ಹೋದರೆ ಕ್ಲಚ್ ಶೂ ಹೋಗಿದೆ ಅಂತ ಅದನ್ನೂ ಹಾಕಿದರು. ಈಗಲೂ ಅದೇ ಕತೆ. ಈಗ ಹಿಂದಿನ ಕ್ಲಚ್ ಸೆಟ್ ಪೂರ್ತಿ ಬದಲಿಸಬೇಕಂತೆ. ಇನ್ನೆಷ್ಟು ದುಡ್ಡು ಸುರಿಯೋದು? ನಿಜವಾಗಿ ಜಾರುತ್ತಿರೋದು ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳೋಕೆ ದಾರಿ ಇದೆಯಾ?

ಮಾಲೂರು ಹುಡುಗ
ಲೋಡ್ ಜಾಸ್ತಿ ಆಯ್ತು ಅಣ್ಣ. ಅಷ್ಟೇ.

ನಂದಿ ತಪ್ಪಲು
ಇದೇ ಲೋಡ್ ಹಾಕಿಕೊಂಡು ವರ್ಷಗಟ್ಟಲೆ ಹತ್ತಿದ್ದೀನಿ ತಮ್ಮ. ಆಗ ಇರಲಿಲ್ಲ.

ಶ್ರೀನಿವಾಸಪುರ ಗ್ಯಾರೇಜ್
ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಪಾರ್ಟ್ ಬದಲಿಸೋಕೆ ಮುಂಚೆ ಕೇಳಬೇಕಾದ ಪ್ರಶ್ನೆನೇ ಇದು.

ನಿಮ್ಮ ಗಾಡಿಯಲ್ಲಿ ಜಾರೋಕೆ ಎರಡು ಜಾಗ ಇವೆ. ಒಂದು ಬೆಲ್ಟ್. ಮುಂದಿನ ಪುಲ್ಲಿ ಕ್ರ್ಯಾಂಕ್ ಅಂದರೆ ಇಂಜಿನ್ ತಿರುಗಿಸುವ ದಂಡದ ಮೇಲೆ ಕೂತಿರುತ್ತೆ, ಅದರೊಳಗೆ ರೋಲರ್ ಅನ್ನೋ ಸಣ್ಣ ಉರುಳು ತೂಕಗಳು. ಹಿಂದಿನ ಪುಲ್ಲಿಯಲ್ಲಿ ದೊಡ್ಡ ಸ್ಪ್ರಿಂಗ್. ಇವೆರಡರ ಮಧ್ಯೆ ಬೆಲ್ಟ್ ಓಡುತ್ತೆ. ಇನ್ನೊಂದು ಕ್ಲಚ್ ಶೂ. ಹಿಂದಿನ ಪುಲ್ಲಿ ಜೋರಾಗಿ ತಿರುಗಿದಾಗ ಶೂಗಳು ಹೊರಗೆ ಚಾಚಿ ಬಟ್ಟಲಿನಂಥ ಔಟರ್ ಅನ್ನು ಒಳಗಿನಿಂದ ಹಿಡಿಯುತ್ತವೆ, ಚಕ್ರ ತಿರುಗುತ್ತೆ. ಇಂಜಿನ್ ಕೂಗಿ ಗಾಡಿ ಎಳೆಯಲಿಲ್ಲ ಅಂದರೆ ಹೆಚ್ಚಿನ ಕಡೆ "ಕ್ಲಚ್ ಹೋಗಿದೆ" ಅಂದುಬಿಡುತ್ತಾರೆ. ಬೆಲ್ಟ್ ಜಾರಿದರೂ ಓಡಿಸುವವರಿಗೆ ಹಾಗೇ ಅನ್ನಿಸುತ್ತೆ.

ಈಗ ನಾಲ್ಕು ವಿಷಯ ಹೇಳಿ. ನಿಂತಲ್ಲಿಂದ ಹೊರಡುವಾಗ ಗಡಗಡ ಅಂತ ನಡುಗುತ್ತಾ? ತಿರುವಿನಲ್ಲಿ ನಿಧಾನ ಆದಾಗ ಮಾತ್ರ ಜಾರುತ್ತಾ, ಇಲ್ಲಾ ನೇರ ರಸ್ತೆಯಲ್ಲಿ ಮೂವತ್ತು ನಲವತ್ತರಲ್ಲಿ ಹೋಗುವಾಗಲೂ ಜಾರುತ್ತಾ? ವಾಸನೆ ಎಂಥದ್ದು, ರಬ್ಬರ್ ಸುಟ್ಟ ಹಾಗಾ, ಬ್ರೇಕ್ ಲೈನಿಂಗ್ ಸುಟ್ಟ ಹಾಗಾ? ಇಂಜಿನ್ ಆಯಿಲ್ ಕಡಿಮೆ ಆಗ್ತಿದೆಯಾ?

ಇನ್ನೊಂದು ಮಾತು. ಟೆಸ್ಟ್ ಮಾಡೋಕೆ ಅಂತ ಬ್ರೇಕ್ ಹಿಡಿದು ಆಕ್ಸಿಲರೇಟರ್ ತಿರುಗಿಸಬೇಡಿ. ಚೆನ್ನಾಗಿರೋ ಶೂ ಕೂಡ ಸುಟ್ಟು ಹೋಗುತ್ತೆ.

ಗುಬ್ಬಿ ಮೇಷ್ಟ್ರು
ಸ್ವಲ್ಪ ತಡೀರಿ. ಏರಿನಲ್ಲಿ ಇಂಜಿನ್ ಕೂಗಿದ್ದೆಲ್ಲ ಜಾರಿದ್ದು ಅಂತ ಅಲ್ಲ. ಗೇರ್‌ಲೆಸ್ ಗಾಡಿ ಕೆಲಸ ಮಾಡೋದೇ ಹಾಗೆ. ಚಕ್ರದ ಮೇಲೆ ಭಾರ ಜಾಸ್ತಿ ಆದಾಗ ಹಿಂದಿನ ಪುಲ್ಲಿಯ ಓರೆ ಸೀಳುಗಳಲ್ಲಿ ಪಿನ್ ಸರಿದು ಪುಲ್ಲಿಯ ಎರಡು ಭಾಗ ಹತ್ತಿರ ಬಂದು ಮುಚ್ಚಿಕೊಳ್ಳುತ್ತವೆ. ಬೆಲ್ಟ್ ಹಿಂದೆ ಮೇಲಕ್ಕೇರುತ್ತೆ, ಮುಂದೆ ಕೆಳಗಿಳಿಯುತ್ತೆ. ಅಂದರೆ ಗಾಡಿ ತಾನೇ ಕಡಿಮೆ ಗೇರಿಗೆ ಬಂದ ಹಾಗೆ. ಆಗ ಇಂಜಿನ್ ವೇಗ ಏರಲೇಬೇಕು. ನಂದಿ 1,478 ಮೀಟರ್ ಎತ್ತರದ ಬೆಟ್ಟ, ತಿರುವುಗಳು ಕಡಿದಾಗಿವೆ. 110 ಸಿಸಿ ಗಾಡಿ ಕ್ರೇಟ್ ಹೊತ್ತು ಹತ್ತುವಾಗ ಕೂಗುತ್ತೆ.

ಶ್ರೀನಿವಾಸಪುರ ಗ್ಯಾರೇಜ್
ಮೇಷ್ಟ್ರೇ, ನೀವು ಹೇಳಿದ್ದು ಸರಿ. ಆದರೆ ಅದು ಬೆಟ್ಟದ ಬುಡದಲ್ಲೂ ಹಾಗೇ ಆಗಬೇಕು, ಮೇಲೂ ಹಾಗೇ ಆಗಬೇಕು ಅಲ್ವಾ? ಇವರದ್ದು ತಣ್ಣಗಿದ್ದಾಗ ಎಳೆಯುತ್ತೆ, ಬಿಸಿ ಆದ ಮೇಲೆ ಎಳೆಯಲ್ಲ. ಆ ವ್ಯತ್ಯಾಸನೇ ಮುಖ್ಯ.

ಗುಬ್ಬಿ ಮೇಷ್ಟ್ರು
ಬಿಸಿ ಆದ ಮೇಲೆ ಮಾತ್ರ ಅನ್ನೋದನ್ನ ಸರಿಯಾಗಿ ಓದಿರಲಿಲ್ಲ. ಹಾಗಿದ್ದರೆ ಜಾರಿಕೆನೇ.

ಶಿಡ್ಲಘಟ್ಟ ರೇಷ್ಮೆ
ನಂದೂ ಹೀಗೇ ಆಗಿತ್ತು. ಗೂಡಿನ ಮೂಟೆ ಹಾಕಿಕೊಂಡು ಮಾರ್ಕೆಟ್‌ಗೆ ಹೋಗುವಾಗ ಪಿಕಪ್ಪೇ ಇರುತ್ತಿರಲಿಲ್ಲ. ಬಿಚ್ಚಿ ನೋಡಿದರೆ ರೋಲರ್‌ಗಳು ಒಂದು ಕಡೆ ಸವೆದು ಚಪ್ಪಟೆ ಆಗಿದ್ದವು. ಆರು ರೋಲರ್ ಬದಲಿಸಿದ ಮೇಲೆ ಸರಿಹೋಯ್ತು. ನೀವೂ ರೋಲರ್ ನೋಡಿ.

ಶ್ರೀನಿವಾಸಪುರ ಗ್ಯಾರೇಜ್
ರೋಲರ್ ಸವೆದರೆ ಪುಲ್ಲಿ ಸರಿಯಾಗಿ ತೆರೆದು ಮುಚ್ಚಲ್ಲ. ಗಾಡಿ ಜಗ್ಗುತ್ತೆ, ಮೇಲಿನ ಸ್ಪೀಡ್ ಬರಲ್ಲ. ಅದು ಜಾರಿಕೆ ಅಲ್ಲ, ಬೇರೆ ರೋಗ. ಇವರಿಗೆ ರೋಲರ್ ಹೊಸದು ಹಾಕಿದ್ದಾರೆ ಅಂತ ಬರೆದಿದ್ದಾರಲ್ಲ.

ನಂದಿ ತಪ್ಪಲು
ಇವತ್ತು ಗಮನ ಇಟ್ಟು ಓಡಿಸಿದೆ. ಹೊರಡುವಾಗ ಸ್ವಲ್ಪ ನಡುಕ ಇದೆ, ಜಾಸ್ತಿ ಏನಿಲ್ಲ. ತಿರುವಿನಲ್ಲಷ್ಟೇ ಅಲ್ಲ, ನೇರ ಏರಿನಲ್ಲಿ ಮೂವತ್ತೈದರಲ್ಲಿ ಹೋಗುವಾಗಲೂ ಇಂಜಿನ್ ಇದ್ದಕ್ಕಿದ್ದ ಹಾಗೆ ಕೂಗುತ್ತೆ, ಮೀಟರ್ ಮುಳ್ಳು ಇಳಿಯುತ್ತೆ. ರಬ್ಬರ್ ವಾಸನೆ ಇದೆ. ಆಯಿಲ್ ಲೆವೆಲ್ ಸರಿ ಇದೆ.

ಶ್ರೀನಿವಾಸಪುರ ಗ್ಯಾರೇಜ್
ಹಾಗಿದ್ದರೆ ನನ್ನ ಅನುಮಾನ ಬೆಲ್ಟ್ ಮೇಲೆ. ಶೂ ಹಿಡಿತ ವೇಗದ ಜೊತೆ ತುಂಬಾ ಬೇಗ ಏರುತ್ತೆ. ಮೂವತ್ತೈದರಲ್ಲಿ ಶೂಗಳು ಔಟರ್ ಅನ್ನು ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಶೂ ಜಾರೋದು ಸಾಮಾನ್ಯವಾಗಿ ಹೊರಡುವಾಗ, ಇಲ್ಲಾ ಕಡಿದಾದ ತಿರುವಿನಲ್ಲಿ ವೇಗ ತೀರಾ ಇಳಿದಾಗ. ಓಡುವಾಗ ಜಾರಿದರೆ ಮೊದಲು ಬೆಲ್ಟ್ ನೋಡಬೇಕು.

ಆದರೆ ಬೆಲ್ಟ್ ಹೊಸದು. ಹೊಸ ಬೆಲ್ಟ್ ಸುಮ್ಮಸುಮ್ನೆ ಜಾರಲ್ಲ. ಅದಕ್ಕೆ ಏನೋ ತಗುಲಿದೆ.

ತಿಪಟೂರು ತೆಂಗು
ನಮ್ಮ ಮಾವನ ಹಿಟ್ಟಿನ ಮಿಲ್‌ನಲ್ಲಿ ಬೆಲ್ಟ್ ಜಾರಿದರೆ ರಾಳ ಪುಡಿ ಹಾಕುತ್ತಾರೆ. ಒಂದೇ ನಿಮಿಷದಲ್ಲಿ ಹಿಡಿದುಕೊಳ್ಳುತ್ತೆ. ಕವರ್ ಬಿಚ್ಚಿ ಸ್ವಲ್ಪ ಉದುರಿಸಿ ನೋಡಿ. ಖರ್ಚೂ ಇಲ್ಲ.

ಶ್ರೀನಿವಾಸಪುರ ಗ್ಯಾರೇಜ್
ದಯವಿಟ್ಟು ಹಾಗೆ ಮಾಡಬೇಡಿ. ಮಿಲ್ ಬೆಲ್ಟ್ ಒಂದೇ ಜಾಗದಲ್ಲಿ ಓಡುತ್ತೆ. ಸ್ಕೂಟರ್ ಬೆಲ್ಟ್ ಪುಲ್ಲಿ ಮೇಲೆ ಸದಾ ಮೇಲೆ ಕೆಳಗೆ ಸರಿಯುತ್ತಿರಬೇಕು. ರಾಳ ಅಂಟಿದರೆ ಅದು ಸರಿಯಲ್ಲ. ಬಿಸಿಗೆ ಕರಗಿ ಪುಲ್ಲಿ ಮೇಲೆ ಗಟ್ಟಿ ಪದರ ಕಟ್ಟುತ್ತೆ. ಆಮೇಲೆ ಅದನ್ನು ಕೆರೆದು ತೆಗೆಯೋದೇ ಒಂದು ದಿನದ ಕೆಲಸ.

ತಿಪಟೂರು ತೆಂಗು
ಸರಿ, ಮಿಲ್‌ಗಷ್ಟೇ ಇರಲಿ ಬಿಡಿ. ಆದರೆ ಹಳೇ ಕಾಲದವರ ವಿದ್ಯೆನ ಒಂದೇ ಏಟಿಗೆ ತಳ್ಳಿಹಾಕಬೇಡಿ ಅಂತ ಅಷ್ಟೇ ನನ್ನ ಮಾತು. ಆ ಮಿಲ್ ಇವತ್ತಿಗೂ ಓಡ್ತಿದೆ.

ಮಾಜಿ ಸೈನಿಕ, ಬಾಗೇಪಲ್ಲಿ
ಈ ಚರ್ಚೆ ನೋಡಿ ಬರೆಯಲೇಬೇಕು ಅನ್ನಿಸಿತು. ನಾನು ಸೈನ್ಯದಲ್ಲಿ ವಾಹನ ರಿಪೇರಿ ಕೆಲಸದಲ್ಲಿದ್ದೆ. ಉತ್ತರದ ಹಿಮದ ಪ್ರದೇಶದಲ್ಲಿ ಸ್ನೋ ಸ್ಕೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆವು. ಮುಂದೆ ಎರಡು ಹಿಮಹಲಗೆ, ಹಿಂದೆ ರಬ್ಬರ್ ಟ್ರ್ಯಾಕ್. ಸಿಯಾಚಿನ್‌ನಲ್ಲಿ ಸಾಮಾನು ಸಾಗಿಸೋಕೆ ಬಳಸುತ್ತಾರೆ. ಗುಲ್‌ಮಾರ್ಗ್‌ಗೆ ಹೋದ ಪ್ರವಾಸಿಗಳೂ ಹತ್ತಿರುತ್ತಾರೆ.

ಅದರ ಒಳಗಿನ ವ್ಯವಸ್ಥೆ ನಿಮ್ಮ ಸ್ಕೂಟರ್‌ನದ್ದೇ ಜಾತಿ. ಮುಂದಿನ ಪುಲ್ಲಿಯಲ್ಲಿ ತೂಕದ ತುಂಡುಗಳು, ಸ್ಪ್ರಿಂಗ್. ಹಿಂದಿನ ಪುಲ್ಲಿಯಲ್ಲಿ ಓರೆ ಕ್ಯಾಮ್, ಸ್ಪ್ರಿಂಗ್. ಮಧ್ಯೆ ಬೆಲ್ಟ್. ಒಂದೇ ದೊಡ್ಡ ವ್ಯತ್ಯಾಸ ಏನಂದರೆ ಅದರಲ್ಲಿ ಬೇರೆ ಕ್ಲಚ್ ಶೂ ಇಲ್ಲ. ಇಂಜಿನ್ ಐಡಲ್‌ನಲ್ಲಿದ್ದಾಗ ಮುಂದಿನ ಪುಲ್ಲಿನೇ ತೆರೆದುಕೊಂಡು ಬೆಲ್ಟನ್ನು ಬಿಟ್ಟಿರುತ್ತೆ, ಬೆಲ್ಟ್ ನಿಂತೇ ಇರುತ್ತೆ. ವೇಗ ಏರಿದಾಗ ಪುಲ್ಲಿ ಮುಚ್ಚಿ ಬೆಲ್ಟನ್ನು ಹಿಡಿಯುತ್ತೆ. ಹಾಗಾಗಿ ಅಲ್ಲಿ "ಕ್ಲಚ್ ಜಾರುತ್ತಿದೆ" ಅಂದರೆ ಬೆಲ್ಟ್ ಜಾರುತ್ತಿದೆ ಅಂತಲೇ ಅರ್ಥ.

ಅಲ್ಲಿ ಕಲಿತ ಮೊದಲ ಪಾಠ, ಬಿಸಿ ಎಲ್ಲಿದೆ ನೋಡು ಅನ್ನೋದು. ಜಾರುವ ಕಡೆ ಬಿಸಿ ಏರುತ್ತೆ. ಓಡಿಸಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕವರ್ ತೆಗೆದು ಎರಡೂ ಪುಲ್ಲಿಗಳ ಹತ್ತಿರ ಅಂಗೈ ಹಿಡಿದರೆ ಯಾವುದು ಜಾಸ್ತಿ ಕಾದಿದೆ ಅಂತ ಗೊತ್ತಾಗುತ್ತೆ. ಮುಟ್ಟಬಾರದು, ಬೊಬ್ಬೆ ಬರುತ್ತೆ. ಎರಡನೆಯದು, ಪುಲ್ಲಿಯ ಮುಖವನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್‌ನಿಂದ ಉಜ್ಜಿ, ಅಸಿಟೋನ್ ಹಾಕಿ ಒರೆಸಿದ ಮೇಲೆ ಬರಿ ಬೆರಳನ್ನೂ ತಾಗಿಸುತ್ತಿರಲಿಲ್ಲ. ಬೆರಳಿನ ಜಿಡ್ಡೇ ಸಾಕು.

ಚಳಿಯಲ್ಲಿ ಇನ್ನೊಂದು ತೊಂದರೆ. ರಾತ್ರಿ ನಿಲ್ಲಿಸಿದ ಗಾಡಿಯ ಟ್ರ್ಯಾಕ್ ಬೆಳಿಗ್ಗೆ ಹೊತ್ತಿಗೆ ಹಿಮಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತೆ. ಹೊಸ ಹುಡುಗರು ಸೀದಾ ಫುಲ್ ಆಕ್ಸಿಲರೇಟರ್ ಕೊಡುತ್ತಾರೆ. ಟ್ರ್ಯಾಕ್ ಅಲ್ಲಾಡಲ್ಲ, ಪುಲ್ಲಿ ತಿರುಗುತ್ತೆ, ಬೆಲ್ಟ್ ಒಂದೇ ಜಾಗದಲ್ಲಿ ಸುಟ್ಟು ಸಣ್ಣಗಾಗುತ್ತೆ. ಆಮೇಲೆ ಆ ಬೆಲ್ಟ್ ಪ್ರತಿ ಸುತ್ತಿಗೂ ಒದೆಯುತ್ತೆ. ಮೊದಲು ಹಿಂಭಾಗವನ್ನು ಎತ್ತಿ ಅಲ್ಲಾಡಿಸಿ ಟ್ರ್ಯಾಕ್ ಬಿಡಿಸಬೇಕು. ಹೊಸ ಬೆಲ್ಟನ್ನು ಮೊದಲು ಸ್ವಲ್ಪ ದೂರ ಮೆತ್ತಗೆ ಓಡಿಸಿ ಪಳಗಿಸಬೇಕು. ಸ್ಪೇರ್ ಬೆಲ್ಟ್ ಇಲ್ಲದೆ ಯಾರೂ ಹೊರಡುತ್ತಿರಲಿಲ್ಲ.

ಮಾಲೂರು ಹುಡುಗ
ಸರ್, ಹಿಮದ ಗಾಡಿಗೂ ನಮ್ಮ ಸ್ಕೂಟರ್‌ಗೂ ಇಷ್ಟು ಹತ್ತಿರದ ನೆಂಟಸ್ತನ ಅಂತ ಗೊತ್ತೇ ಇರಲಿಲ್ಲ. ಇದನ್ನ ಮೊದಲು ಕಂಡುಹಿಡಿದಿದ್ದು ಯಾರು?

ಗುಬ್ಬಿ ಮೇಷ್ಟ್ರು
ಕೆನಡಾದ ಕ್ವಿಬೆಕ್‌ನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಅನ್ನುವವರು 1959ರಲ್ಲಿ ಸ್ಕೀ-ಡೂ ಅನ್ನೋ ಚಿಕ್ಕ ಸ್ನೋಮೊಬೈಲ್ ಮಾರುಕಟ್ಟೆಗೆ ತಂದರು. ಅದಕ್ಕೆ ಒಂದು ವರ್ಷ ಮುಂಚೆ, 1958ರಲ್ಲಿ, ನೆದರ್ಲೆಂಡ್ಸ್‌ನ ಡಾಫ್ ಕಂಪನಿ ಇದೇ ತರಹದ ಬೆಲ್ಟ್ ಮತ್ತು ಪುಲ್ಲಿ ಹಾಕಿದ ಕಾರು ತೋರಿಸಿತ್ತು. ನಮ್ಮ ದೇಶದ ರಸ್ತೆಗೆ ಜನ ನೆನಪಿಡುವ ಹಾಗೆ ಬಂದಿದ್ದು ಕೈನೆಟಿಕ್ ಹೋಂಡಾ, 1984ರಲ್ಲಿ.

ಕೆಜಿಎಫ್ ಕಾಲೋನಿ
ಕೈನೆಟಿಕ್ ಹೋಂಡಾ ಅಂದ ತಕ್ಷಣ ಅಪ್ಪ ನೆನಪಾದರು. ಮೈನ್ಸ್ ಕೆಲಸದಲ್ಲಿದ್ದಾಗ ತಗೊಂಡಿದ್ದು. ಬಟನ್ ಒತ್ತಿದರೆ ಸ್ಟಾರ್ಟ್, ಗೇರ್ ಇಲ್ಲ. ಅಕ್ಕಪಕ್ಕದವರು ನಿಂತು ನೋಡುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಪ್ಪ ಆ ಗಾಡಿ ಮಾರಲಿಲ್ಲ. ಈಗಲೂ ಇದೆ, ಬೆಲ್ಟ್ ಸಿಗೋದು ಕಷ್ಟ. ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಶಿರಾ ಕಡ್ಲೆಕಾಯಿ
ಇಷ್ಟೆಲ್ಲ ತಲೆನೋವು ಯಾಕೆ? ಎಲೆಕ್ಟ್ರಿಕ್ ತಗೊಳ್ಳಿ. ಅದರಲ್ಲಿ ರೋಲರ್ ಇಲ್ಲ, ಕ್ಲಚ್ ಶೂ ಇಲ್ಲ.

ನಂದಿ ತಪ್ಪಲು
ಸಾಲ ಯಾರು ತೀರಿಸ್ತಾರೆ ಅಣ್ಣ? ಈ ಗಾಡಿ ಇನ್ನೂ ಗಟ್ಟಿಮುಟ್ಟಾಗಿದೆ.

ಗೌರಿಬಿದನೂರು ಅಕ್ಕ
ಹತ್ತೋದರ ಬಗ್ಗೆ ಎಲ್ಲರೂ ಬರೀತಿದ್ದೀರಿ. ಇಳಿಯೋದನ್ನೂ ಹೇಳಿ. ಗೇರ್‌ಲೆಸ್ ಗಾಡಿಯಲ್ಲಿ ವೇಗ ತೀರಾ ಕಡಿಮೆ ಆದಾಗ ಶೂ ಬಿಟ್ಟುಕೊಳ್ಳುತ್ತೆ. ಆಮೇಲೆ ಇಂಜಿನ್ ಗಾಡಿಯನ್ನು ಹಿಡಿಯಲ್ಲ, ಇಳಿಜಾರಿನಲ್ಲಿ ಸುಮ್ನೆ ಉರುಳುತ್ತೆ. ಎಲ್ಲಾ ಭಾರ ಬ್ರೇಕ್ ಮೇಲೆ. ನಂದಿಯಿಂದ ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿದರೆ ಡ್ರಮ್ ಕಾದು ಬ್ರೇಕೇ ಹಿಡಿಯದ ಹಾಗಾಗುತ್ತೆ. ಎರಡೂ ಬ್ರೇಕ್ ಬಳಸಿ, ಹಿಡಿದು ಬಿಟ್ಟು ಇಳಿಯಿರಿ. ಇಂಜಿನ್ ಆಫ್ ಮಾಡಿ ಇಳಿಯುವ ಹುಡುಗರನ್ನು ನೋಡಿದರೆ ನನಗೆ ಭಯ ಆಗುತ್ತೆ.

ಇನ್ನೊಂದು. ಟೌನಿನಲ್ಲಿ ಒಂದು ಕಡೆ ನಾನು ಗಾಡಿ ನಡುಗುತ್ತೆ ಅಂತ ಹೇಳಿದರೆ "ಮೇಡಂ, ನಿಮಗೆ ಓಡಿಸೋಕೆ ಬರಲ್ಲ" ಅಂದರು. ಔಟರ್ ಒಳಗೆ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿತ್ತು. ಬೇರೆ ಕಡೆ ತೋರಿಸಿದ ಮೇಲೆ ಗೊತ್ತಾಯ್ತು. ಹೆಂಗಸರು ಗಾಡಿ ಬಗ್ಗೆ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ, ದಿನಾ ಓಡಿಸೋದು ನಾವೇ.

ಶ್ರೀನಿವಾಸಪುರ ಗ್ಯಾರೇಜ್
ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಗಾಡಿಯ ಸಣ್ಣ ಬದಲಾವಣೆ ಮೊದಲು ಗೊತ್ತಾಗೋದು ದಿನಾ ಓಡಿಸುವವರಿಗೇ. ಔಟರ್ ನೀಲಿ ಆಗೋದು ಅತಿ ಬಿಸಿಯ ಗುರುತು.

ನಂದಿ ಅಣ್ಣ, ಈಗ ಕವರ್ ಬಿಚ್ಚಿ ನೋಡುವ ಹೊತ್ತು ಬಂತು. ನೋಡೋಕೆ ದೊಡ್ಡ ಟೂಲ್ ಬೇಡ. ಎಡಗಡೆ ಕವರ್‌ಗೆ ಸಾಮಾನ್ಯವಾಗಿ 8 ನಂಬರ್ ಬೋಲ್ಟ್‌ಗಳು. ಎಲ್ಲಾ ಒಂದೇ ಉದ್ದ ಇರಲ್ಲ. ಒಂದು ರಟ್ಟಿನ ಮೇಲೆ ಕವರ್ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡ ಬೋಲ್ಟ್ ಜಾಗಕ್ಕೆ ಹಾಕಿ ತಿರುಗಿಸಿದರೆ ಕೇಸ್ ಒಡೆಯುತ್ತೆ.

ಒಳಗೆ ಒದ್ದೆ ಎಲ್ಲಿದೆ ನೋಡಿ. ಮುಂದಿನ ಪುಲ್ಲಿಯ ಕೆಳಗೆ ಕರಿ ಎಣ್ಣೆ ಇದ್ದರೆ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಹಿಂದೆ ಕ್ಲಚ್ ಹಿಂಬದಿ ಗೋಡೆ ಒದ್ದೆ ಇದ್ದರೆ ಗೇರ್ ಆಯಿಲ್ ಸೀಲ್. ಎರಡೂ ಒಣಗಿದ್ದು ಹಿಂದಿನ ಪುಲ್ಲಿಯ ಸುತ್ತ ಗ್ರೀಸ್ ಚಿಮ್ಮಿದ ಗೆರೆ ಇದ್ದರೆ ಪುಲ್ಲಿಯೊಳಗಿನ ಸೀಲ್, ಇಲ್ಲಾ ಓ-ರಿಂಗ್ ಅನ್ನೋ ರಬ್ಬರ್ ಬಳೆ. ಧೂಳೂ ನೋಡಿ. ಕರಿ ರಬ್ಬರ್ ಪುಡಿ ಬೆಲ್ಟ್‌ನದ್ದು. ಔಟರ್ ಒಳಗಿನ ಬೂದು ಇಲ್ಲಾ ಕಂದು ಪುಡಿ ಶೂ ಲೈನಿಂಗ್‌ನದ್ದು. ಅದನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಕವರ್ ಇಲ್ಲದೆ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಬೆರಳು ಹೋಗುತ್ತೆ.

ನಂದಿ ತಪ್ಪಲು
ಭಾನುವಾರ ಬಿಚ್ಚಿದೆ. ನೀವು ಹೇಳಿದ ಹಾಗೆ ರಟ್ಟಿಗೆ ಬೋಲ್ಟ್ ಚುಚ್ಚಿಟ್ಟೆ. ಮುಂದಿನ ಪುಲ್ಲಿ ಕೆಳಗೆ ಒಣಗಿದೆ. ಹಿಂಬದಿ ಗೋಡೆಯೂ ಒಣಗಿದೆ. ಆದರೆ ಹಿಂದಿನ ಪುಲ್ಲಿಯ ನಡುವಿನಿಂದ ಅಂಚಿನವರೆಗೆ ಕಂದು ಬಣ್ಣದ ಗ್ರೀಸ್ ಗೆರೆಗಳು, ಸುತ್ತ ಎಲ್ಲಾ ಕಡೆ. ಕವರ್ ಒಳಗೂ ಒಂದು ಪಟ್ಟಿ ಚಿಮ್ಮಿದೆ. ಬೆಲ್ಟ್ ಪಕ್ಕಗಳು ಕರಿ ಪಾಲಿಶ್ ಕಟ್ಟಿ ಹೊಳೆಯುತ್ತಿವೆ. ಬೆರಳಿಟ್ಟರೆ ಜಿಡ್ಡು. ಔಟರ್‌ನಲ್ಲಿ ಅಲ್ಲಲ್ಲಿ ನೀಲಿ ಮಚ್ಚೆ ಇದೆ.

ಶ್ರೀನಿವಾಸಪುರ ಗ್ಯಾರೇಜ್
ಸಿಕ್ಕಿತು. ಹಿಂದಿನ ಪುಲ್ಲಿಯ ಎರಡು ಭಾಗ ಒಂದರ ಮೇಲೊಂದು ಜಾರಬೇಕು, ಅದಕ್ಕೆ ಒಳಗೆ ಸ್ವಲ್ಪ ಗ್ರೀಸ್ ಇರುತ್ತೆ. ಆ ಗ್ರೀಸ್ ಹೊರಗೆ ಬರದ ಹಾಗೆ ಸೀಲ್, ಓ-ರಿಂಗ್ ತಡೆಯುತ್ತವೆ. ಬೆಲ್ಟ್ ಹಾಕುವಾಗ ಪುಲ್ಲಿ ಬಿಚ್ಚಿ ಹಳೇ ಓ-ರಿಂಗನ್ನೇ ಹಾಕಿರಬಹುದು, ಗ್ರೀಸ್ ಜಾಸ್ತಿ ತುಂಬಿರಬಹುದು. ತಣ್ಣಗಿದ್ದಾಗ ಗ್ರೀಸ್ ಗಟ್ಟಿ, ಹೊರಗೆ ಬರಲ್ಲ. ಬೆಟ್ಟ ಹತ್ತುವಾಗ ಕಾದು ತೆಳ್ಳಗಾಗಿ ಬೆಲ್ಟ್ ಮೇಲೆ ಚಿಮ್ಮುತ್ತೆ. ಎಣ್ಣೆ ಕೈಯಲ್ಲಿ ತುಂಬಿದ ಬಿಂದಿಗೆ ಎತ್ತಿದ ಹಾಗೆ, ಎಷ್ಟು ಬಿಗಿ ಹಿಡಿದರೂ ಜಾರುತ್ತೆ. ಅರ್ಧ ಬೆಟ್ಟ ಹತ್ತಿದ ಮೇಲೇ ಯಾಕೆ ಅನ್ನೋದಕ್ಕೆ ಉತ್ತರ ಇದೇ.

ಕ್ಲಚ್ ಸೆಟ್ ಪೂರ್ತಿ ಬದಲಿಸೋದು ಬೇಡ. ಓ-ರಿಂಗ್, ಸೀಲ್, ಒಂದು ಬೆಲ್ಟ್ ಸಾಕು.

ಶಿಡ್ಲಘಟ್ಟ ರೇಷ್ಮೆ
ಬೆಲ್ಟ್ ಮತ್ತೆ ಯಾಕೆ? ಹೊಸದೇ ಅಲ್ವಾ? ಪೆಟ್ರೋಲ್ ಹಾಕಿ ತೊಳೆದರೆ ಆಯ್ತು.

ಶ್ರೀನಿವಾಸಪುರ ಗ್ಯಾರೇಜ್
ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದೂ ಬೇಡ. ರಬ್ಬರ್ ಹಾಳಾಗುತ್ತೆ, ಜಿಡ್ಡಿನ ಪದರ ಹಾಗೇ ಉಳಿಯುತ್ತೆ.

ಮಾಜಿ ಸೈನಿಕ, ಬಾಗೇಪಲ್ಲಿ
ಬೆಲ್ಟ್‌ಗೆ ಗ್ರೀಸ್ ಸ್ವಲ್ಪವೇ ತಗುಲಿದ್ದರೆ ಪಾತ್ರೆ ಸೋಪು, ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬಹುದು. ನಾವು ಅಲ್ಲಿ ಹಾಗೇ ಮಾಡುತ್ತಿದ್ದೆವು. ಹೊಸ ಬೆಲ್ಟ್ ಬರೋಕೆ ಎಷ್ಟು ದಿನ ಬೇಕೋ ಹೇಳೋಕೆ ಆಗದ ಜಾಗ ಅದು.

ಶ್ರೀನಿವಾಸಪುರ ಗ್ಯಾರೇಜ್
ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಇವರ ಬೆಲ್ಟ್ ಗ್ರೀಸ್‌ನಲ್ಲೇ ಜಾರಿ ಜಾರಿ ಕಾದಿದೆ, ಪಕ್ಕಗಳು ಪಾಲಿಶ್ ಆಗಿವೆ. ತೊಳೆದರೆ ಜಿಡ್ಡು ಹೋಗುತ್ತೆ, ಸುಟ್ಟಿದ್ದು ಹೋಗಲ್ಲ. ದಿನಾ ಬೆಟ್ಟ ಹತ್ತುವ ಗಾಡಿ. ತಿರುವಿನ ಮಧ್ಯೆ ಕೈಕೊಟ್ಟರೆ ಹಿಂದಿನಿಂದ ಬರುವ ಕಾರಿನವರಿಗೆ ಏನು ಗೊತ್ತು?

ಮಾಜಿ ಸೈನಿಕ, ಬಾಗೇಪಲ್ಲಿ
ಪಾಲಿಶ್ ಕಟ್ಟಿದ್ದರೆ ಬದಲಿಸೋದೇ ಸರಿ. ಒಪ್ಪಿದೆ. ತೊಳೆದ ಹಳೇದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ದಾರಿಯಲ್ಲಿ ಬೆಲ್ಟ್ ಕಿತ್ತುಹೋದ ದಿನ ಮನೆ ಮುಟ್ಟಿಸುತ್ತೆ.

ಗುಬ್ಬಿ ಮೇಷ್ಟ್ರು
ಹೊಸ ಶೂ ಹಾಕಿದ್ದಾರಲ್ಲ, ಆ ದುಡ್ಡು ದಂಡವಾ?

ಶ್ರೀನಿವಾಸಪುರ ಗ್ಯಾರೇಜ್
ಹಳೇ ಶೂ ಎಷ್ಟು ಸವೆದಿತ್ತೋ ನೋಡದೆ ಹೇಳೋಕಾಗಲ್ಲ. ಲೈನಿಂಗ್ 2 ಮಿ.ಮೀ. ಹತ್ತಿರ ಬಂದಿದ್ದರೆ ಬದಲಿಸುವ ಹೊತ್ತೇ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಬಿಚ್ಚಿದ ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ. ನೋಡಿದರೆ ನಿಮಗೇ ಗೊತ್ತಾಗುತ್ತೆ.

ಈಗ ಹಾಕುವಾಗ ಗಮನಿಸಬೇಕಾದದ್ದು. ಹಿಂದಿನ ದೊಡ್ಡ ನಟ್ ಬಿಚ್ಚಿದಾಗ ಒಳಗಿನ ಸ್ಪ್ರಿಂಗ್ ಎಗರುತ್ತೆ, ಅದನ್ನು ಅದುಮಿ ಹಿಡಿಯುವ ಟೂಲ್ ಇಲ್ಲದೆ ಮನೆಯಲ್ಲಿ ಮಾಡಬೇಡಿ. ಮುಖಕ್ಕೆ ಹೊಡೆದ ಕೇಸ್ ನೋಡಿದ್ದೀನಿ. ಮುಂದಿನ ನಟ್ ಬಿಚ್ಚೋಕೆ ಪುಲ್ಲಿಯ ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸಬೇಡಿ, ಮುರಿಯುತ್ತೆ.

ತುಂಬಾ ಜನ ತಪ್ಪುವ ಜಾಗ ಇನ್ನೊಂದಿದೆ. ಬೆಲ್ಟ್ ಹಾಕುವಾಗ ಹಿಂದಿನ ಪುಲ್ಲಿಯನ್ನು ಕೈಯಲ್ಲಿ ತೆರೆದು ಬೆಲ್ಟನ್ನು ಆಳಕ್ಕೆ ಇಳಿಸಬೇಕು. ಆಗ ಮುಂದೆ ಬೆಲ್ಟ್ ಸಡಿಲ ಇರುತ್ತೆ. ಹಾಗೆ ಮಾಡದೆ ಮುಂದಿನ ನಟ್ ಬಿಗಿ ಮಾಡಿದರೆ ಬೆಲ್ಟ್ ಪುಲ್ಲಿಯ ಎರಡು ಮುಖದ ಮಧ್ಯೆ ಸಿಕ್ಕಿಕೊಳ್ಳುತ್ತೆ. ರೆಂಚ್ ಬಿಗಿ ಆಯ್ತು ಅನ್ನುತ್ತೆ, ನಿಜವಾಗಿ ಪುಲ್ಲಿ ಕೂತೇ ಇರಲ್ಲ. ಎರಡು ದಿನ ಓಡಿಸಿದ ಮೇಲೆ ನಟ್ ಸಡಿಲ ಆಗಿ ಕ್ರ್ಯಾಂಕ್ ಮೇಲಿನ ಹಲ್ಲೇ ತಿಂದು ಹೋಗುತ್ತೆ. ಆಗ ಕ್ರ್ಯಾಂಕ್ ಬದಲಿಸಬೇಕು, ಅದರ ಖರ್ಚು ಕೇಳಬೇಡಿ. ಬೆಲ್ಟ್ ಮೇಲಿನ ಬಾಣದ ಗುರುತು ಗಾಡಿ ಮುಂದಕ್ಕೆ ಹೋಗುವಾಗ ಬೆಲ್ಟ್ ತಿರುಗುವ ದಿಕ್ಕಿಗೆ ಇರಲಿ. ನಟ್ ಎಷ್ಟು ಬಿಗಿ ಆಯ್ತು ಅಂತ ಅಳೆಯುವ ಟಾರ್ಕ್ ರೆಂಚ್ ಇರುವ ಕಡೆಯೇ ಮಾಡಿಸಿ.

ಚಿಂತಾಮಣಿ ಟೊಮೆಟೊ
ಈ ನಟ್ ವಿಷಯ ನಿಜ. ನಮ್ಮ ಬಾಮೈದನ ಗಾಡಿ ಇದೇ ಕಾರಣಕ್ಕೆ ಕೋಲಾರ ಮಂಡಿಗೆ ಹೋಗುವ ದಾರಿಯಲ್ಲಿ ನಿಂತುಬಿಟ್ಟಿತು. ಟೊಮೆಟೊ ರೇಟ್ ಚೆನ್ನಾಗಿದ್ದ ದಿನ ಬೇರೆ. ಆಟೊ ಮಾಡಿಕೊಂಡು ಕ್ರೇಟ್ ಸಾಗಿಸಿದ.

ಮಾಲೂರು ಹುಡುಗ
ಈ ವಾರ ರೇಟ್ ಎಷ್ಟಿದೆ ಅಣ್ಣ?

ಚಿಂತಾಮಣಿ ಟೊಮೆಟೊ
ಇಲ್ಲಿ ಬೇಡ ತಮ್ಮ, ಪಾಪ ಅವರ ಗಾಡಿ ಮಾತಾಡ್ತಿದ್ದಾರೆ. ಬೇಸಾಯದ ಗುಂಪಿನಲ್ಲಿ ಹಾಕಿದ್ದೀನಿ ನೋಡು.

ನರಸಾಪುರ ಶಿಫ್ಟ್
ನಾನು ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡ್ತೀನಿ. ಇಲ್ಲಿ 2013ರಿಂದ ಹೋಂಡಾ ಪ್ಲಾಂಟ್ ಇದೆ. ಸ್ಕೂಟರ್ ನಮ್ಮ ಜಿಲ್ಲೆಯಲ್ಲೇ ತಯಾರಾಗುತ್ತೆ. ಆದರೂ ಹಳ್ಳಿ ಕಡೆ ಟಾರ್ಕ್ ರೆಂಚ್ ಇರುವ ಗ್ಯಾರೇಜ್ ಹುಡುಕಬೇಕು ಅನ್ನೋದು ಬೇಜಾರಿನ ವಿಷಯ. ಐಟಿಐ ಮುಗಿಸಿದ ಹುಡುಗರು ಎಲ್ಲಾ ಫ್ಯಾಕ್ಟರಿಗೆ ಬರ್ತಾರೆ, ಊರಲ್ಲಿ ಗ್ಯಾರೇಜ್ ಹಾಕೋರು ಕಡಿಮೆ. ನನ್ನ ಜೊತೆ ಓದಿದವನೊಬ್ಬ ಮುಳಬಾಗಿಲಿನಲ್ಲಿ ಹಾಕಿದ್ದಾನೆ, ಕೈ ತುಂಬಾ ಕೆಲಸ.

ಶಿರಾ ಕಡ್ಲೆಕಾಯಿ
ರೆಂಚ್ ಇದ್ದು ಏನು, ಒರಿಜಿನಲ್ ಪಾರ್ಟೇ ಸಿಗಲ್ಲ. ಡಬ್ಬ ಒಂದೇ ತರ, ಒಳಗಿನ ಬೆಲ್ಟ್ ಬೇರೆ.

ಶ್ರೀನಿವಾಸಪುರ ಗ್ಯಾರೇಜ್
ಡೂಪ್ಲಿಕೇಟ್ ಗೊತ್ತು ಮಾಡಿಕೊಳ್ಳೋಕೆ ವರ್ನಿಯರ್ ಹಿಡಿದು ಅಗಲ ಅಳೆದು, ಸರ್ವಿಸ್ ಪುಸ್ತಕದ ಅಳತೆಗೆ ಹೋಲಿಸಿ. ಒಂದು ಮಿ.ಮೀ. ಕಡಿಮೆ ಇದ್ದರೂ ಬೆಲ್ಟ್ ಪುಲ್ಲಿಯಲ್ಲಿ ಕೆಳಗೆ ಕೂರುತ್ತೆ. ಹೊರಡುವಾಗ ಪಿಕಪ್ ಇರಲ್ಲ, ಮೇಲಿನ ಸ್ಪೀಡೂ ಬರಲ್ಲ. ಸವೆದ ಬೆಲ್ಟ್‌ನ ಲಕ್ಷಣವೂ ಇದೇ.

ನಂದಿ ತಪ್ಪಲು
ಕೆಲಸ ಮುಗೀತು. ನಮ್ಮ ಪಕ್ಕದ ಹಳ್ಳಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಿರುವ ಹುಡುಗನ ಹತ್ತಿರ ಟಾರ್ಕ್ ರೆಂಚ್ ಇತ್ತು. ಸ್ಪ್ರಿಂಗ್ ಅದುಮುವ ಟೂಲ್ ಅವನೇ ಎಲ್ಲಿಂದಲೋ ತಂದ. ಪುಲ್ಲಿ ಬಿಚ್ಚಿದಾಗ ಒಂದು ಓ-ರಿಂಗ್ ಕತ್ತರಿಸಿ ಎರಡು ತುಂಡಾಗಿತ್ತು. ಒಳಗೆ ಗ್ರೀಸ್ ಗಿಡಿದು ತುಂಬಿದ್ದರು. ಹಳೇದೆಲ್ಲ ಒರೆಸಿ, ಪುಸ್ತಕದಲ್ಲಿ ಹೇಳಿದಷ್ಟೇ ಗ್ರೀಸ್ ತೂಕ ಮಾಡಿ ಹಾಕಿದ. ಬಂಗಾರದಂಗಡಿ ತಕ್ಕಡಿ ತರಿಸಿದ್ದ! ಔಟರ್ ಒಳಗೆ ಎಮರಿ ಪೇಪರ್‌ನಲ್ಲಿ ಅಡ್ಡಡ್ಡ ಗೆರೆ ಬರುವ ಹಾಗೆ ಉಜ್ಜಿದ, ಶೂ ಮೇಲೂ ಸ್ವಲ್ಪ. ಪುಲ್ಲಿ ಮುಖಗಳನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿದ ಮೇಲೆ ಕೈಗವಸು ಹಾಕಿಕೊಂಡೇ ಜೋಡಿಸಿದ.

ಮೊದಲು ಸ್ವಲ್ಪ ದಿನ ಲೋಡ್ ಇಲ್ಲದೆ ಮೆತ್ತಗೆ ಓಡಿಸಿದೆ. ನಿನ್ನೆ ಕ್ರೇಟ್ ಹಾಕಿಕೊಂಡು ಬೆಟ್ಟ ಹತ್ತಿದೆ. ಎಲ್ಲೂ ನಿಲ್ಲಿಸಲಿಲ್ಲ, ಜಾರಲಿಲ್ಲ. ಹೊರಡುವಾಗಿನ ನಡುಕ ಇನ್ನೂ ಒಂಚೂರು ಇದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಶ್ರೀನಿವಾಸಪುರ ಗ್ಯಾರೇಜ್
ತುಂಬಾ ಸಂತೋಷ. ಆ ಹುಡುಗನನ್ನ ಬಿಡಬೇಡಿ, ಗ್ರೀಸ್ ತೂಕ ಮಾಡಿ ಹಾಕುವವರು ಸಿಗೋದು ಅಪರೂಪ. ನಡುಕ ಆ ನೀಲಿ ಮಚ್ಚೆಯಿಂದ. ಔಟರ್ ಬಿಸಿಗೆ ಸ್ವಲ್ಪ ಸೊಟ್ಟ ಆಗಿರಬಹುದು. ಜಾಸ್ತಿ ಆದರೆ ಔಟರ್ ಒಂದನ್ನೇ ಬದಲಿಸಿ. ಮುಂದಿನ ಸರ್ವಿಸ್‌ನಲ್ಲಿ ಕವರ್ ತೆಗೆದು ಹಿಂದಿನ ಪುಲ್ಲಿ ಒಣಗಿದೆಯಾ ಅಂತ ಒಂದು ಸಲ ನೋಡಿಸಿ.

ಗೌರಿಬಿದನೂರು ಅಕ್ಕ
ಓ-ರಿಂಗ್ ಎಲ್ಲಿ ಸಿಕ್ಕಿತು ತಮ್ಮ? ನಮ್ಮ ಕಡೆ ಅಂಗಡಿಯವರು ಪುಲ್ಲಿ ಸೆಟ್ ಪೂರ್ತಿ ತಗೊಳ್ಳಿ, ಬಿಡಿ ಬರಲ್ಲ ಅಂತಾರೆ.

ನಂದಿ ತಪ್ಪಲು
ಬಿಡಿಯಾಗಿ ಬರುತ್ತೆ ಅಕ್ಕ. ನನಗೂ ಮೊದಲು ಹಾಗೇ ಅಂದರು. ಕಂಪನಿ ಪಾರ್ಟ್ ಪುಸ್ತಕದಲ್ಲಿ ಓ-ರಿಂಗ್‌ಗೆ, ಸೀಲ್‌ಗೆ ಬೇರೆ ಬೇರೆ ನಂಬರ್ ಇದೆ. ನಿಮ್ಮ ಗಾಡಿ ಮಾಡೆಲ್, ವರ್ಷ ಹೇಳಿ ನಂಬರ್ ತೆಗೆಸಿ, ಅದನ್ನೇ ಬರೆದುಕೊಂಡು ಹೋಗಿ ಕೇಳಿ. ನನಗೆ ಶೋರೂಮ್ ಪಾರ್ಟ್ಸ್ ಕೌಂಟರ್‌ನಲ್ಲಿ ಆರ್ಡರ್ ಹಾಕಿದ ಮೇಲೆ ಬಂತು.